ಸ್ವಂತ ಡ್ರೋನ್‌ನಿಂದ ಹುಡುಕಾಟ: ಖಾನಾಪುರ ಕಾಡು, ಬಾದಾಮಿ ಬಂಡೆಗಳಲ್ಲಿ ಎಷ್ಟು ಸಾಧ್ಯ?

ಮಲಪ್ರಭಾ_ದಂಡೆ:

ಬೆಳಗಾವಿಯ ನಮ್ಮ ಚಾರಣ ತಂಡದಲ್ಲಿ 249 ಗ್ರಾಂ ತೂಕದ ಎರಡು ಡಿಜೆಐ ಮಿನಿ ಡ್ರೋನ್ ಇವೆ, ಒಂದೊಂದಕ್ಕೆ ಮೂರು ಬ್ಯಾಟರಿ. ಜಾಂಬೋಟಿ-ಕಣಕುಂಬಿ ಕಡೆಯ ಕಾಡು, ಚಳಿಗಾಲದಲ್ಲಿ ಬಾದಾಮಿ, ಇವೇ ನಮ್ಮ ಜಾಗಗಳು. ಯಾರಾದರೂ ದಾರಿ ತಪ್ಪಿದರೆ, ಬಂಡೆಯಿಂದ ಜಾರಿ ಬಿದ್ದರೆ, ಹಳ್ಳ ಏರಿ ಆಚೆ ದಡದಲ್ಲಿ ಸಿಕ್ಕಿಕೊಂಡರೆ ಇವುಗಳಿಂದ ನಿಜಕ್ಕೂ ಏನು ಮಾಡಬಹುದು? ಮೈಶಾಖ ತೋರಿಸುವ ಥರ್ಮಲ್ ಕ್ಯಾಮೆರಾ ಇಲ್ಲದೆ ಹುಡುಕುವುದು ದಂಡವೇ? ನೀರು, ಔಷಧ, ಹಗ್ಗ ಸಾಗಿಸಲು ಆಗುತ್ತದೆಯೇ? ಅಳತೆ, ಲೆಕ್ಕ ಸಮೇತ ಹೇಳಿದರೆ ಉಪಕಾರ.

ಗೇಣು_ಮೊಳ:

ಮೊದಲು 112ಕ್ಕೆ ಕರೆ, ಆಮೇಲೆ ಡ್ರೋನ್. ಬ್ಯಾಟರಿ ಮುಗಿಯುವವರೆಗೆ ಹುಡುಕಿ ಆಮೇಲೆ ಫೋನ್ ಮಾಡಿದರೆ ಹಗಲು ಬೆಳಕಿನ ಒಂದು ಗಂಟೆ ಹೋದಂತೆಯೇ.

ಮಿನಿಯ ಕೆಲಸ ಹುಡುಕುವುದು, ಜಾಗ ಗುರುತಿಸಿ ಹೇಳುವುದು, ಅಷ್ಟೇ. ಅದೇನು ಸಣ್ಣದಲ್ಲ. 2018ರ ಜುಲೈನಲ್ಲಿ ಪಾಕಿಸ್ತಾನದ ಬ್ರಾಡ್ ಪೀಕ್‌ನಲ್ಲಿ ಸತ್ತೇ ಹೋದರೆಂದುಕೊಂಡಿದ್ದ ಸ್ಕಾಟ್ಲೆಂಡಿನ ಪರ್ವತಾರೋಹಿ ರಿಕ್ ಅಲೆನ್ ಪತ್ತೆಯಾಗಿದ್ದು ಪೋಲೆಂಡಿನ ಬಾರ್ಟೆಕ್ ಬಾರ್ಗಿಯೆಲ್ ಹಾರಿಸಿದ ಮ್ಯಾವಿಕ್ ಪ್ರೊ ಡ್ರೋನ್‌ನಿಂದ. ಅದರಲ್ಲಿ ಥರ್ಮಲ್ ಇರಲಿಲ್ಲ.

ಲೆಕ್ಕ ಹೀಗೆ. 60 ಮೀಟರ್ ಎತ್ತರದಲ್ಲಿ ಕ್ಯಾಮೆರಾ ನೆಟ್ಟಗೆ ಕೆಳಗೆ ತಿರುಗಿಸಿದರೆ ಸುಮಾರು 85 ಮೀಟರ್ ಅಗಲದ ನೆಲ ಕಾಣುತ್ತದೆ. 4ಕೆ ಚಿತ್ರದಲ್ಲಿ ಮನುಷ್ಯನ ಭುಜದ ಅಗಲಕ್ಕೆ ಸಿಗುವುದು 20 ಪಿಕ್ಸೆಲ್ ಆಸುಪಾಸು. ಬಿಸಿಲಲ್ಲಿ, ಫೋನ್ ಪರದೆಯಲ್ಲಿ ಅದು ಸಾಸಿವೆ ಕಾಳು, ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ವಿಡಿಯೋ ನಂಬಬೇಡಿ. 5 ಸೆಕೆಂಡಿಗೊಂದು ಫೋಟೋ ಬರುವಂತೆ ಟೈಮರ್ ಇಟ್ಟು, ಸಾಲಿನಿಂದ ಸಾಲಿಗೆ 60 ಮೀಟರ್ ಬಿಟ್ಟು, ಸೆಕೆಂಡಿಗೆ 4-5 ಮೀಟರ್ ವೇಗದಲ್ಲಿ ಹೊಲ ಉತ್ತಂತೆ ಹೋಗಿ ಬನ್ನಿ. 15 ನಿಮಿಷದಲ್ಲಿ ಸುಮಾರು 50 ಎಕರೆ ಆಗುತ್ತದೆ. ಡ್ರೋನ್ ಇಳಿದ ಕೂಡಲೇ ಕಾರ್ಡ್ ತೆಗೆದು ಒಬ್ಬರು ಲ್ಯಾಪ್‌ಟಾಪ್‌ನಲ್ಲಿ ಫೋಟೋ ಹಿಗ್ಗಿಸಿ ನೋಡಲಿ, ಇನ್ನೊಬ್ಬರು ಬೇರೆ ಕಾರ್ಡ್, ಬೇರೆ ಬ್ಯಾಟರಿ ಹಾಕಿ ಮುಂದಿನ ಪಟ್ಟಿಗೆ ಹೋಗಲಿ. ಹಾರಿಸುವವನೇ ಹುಡುಕುವವನೂ ಆದರೆ ಎರಡೂ ಕೆಡುತ್ತವೆ.

ಇದು ಬಯಲಿನ ಮಾತು. ಭೀಮಗಡ ಕಡೆಯ ದಟ್ಟ ಕಾಡಿನ ಮೇಲೆ ಹೀಗೆ ಸಾಲು ಹೊಡೆದರೆ ಎಲೆಗಳ ಫೋಟೋ ಸಿಗುತ್ತದೆ, ಅಷ್ಟೇ. ಥರ್ಮಲ್ ಇದ್ದರೂ ಎಲೆ ದಾಟಿ ಕಾಣುವುದಿಲ್ಲ. ಅಲ್ಲಿ ಹಳ್ಳದ ಗುಂಟ, ಕಾಲುದಾರಿಯ ಗುಂಟ, ಜಂಬಿಟ್ಟಿಗೆ ಬಯಲಿನ ಅಂಚಿನಲ್ಲಿ ಮಾತ್ರ ನೋಡಿ. ದಾರಿ ತಪ್ಪಿದವರು ನೀರಿನ ಜಾಡು ಹಿಡಿದು ಇಳಿಯುವುದು ಜಾಸ್ತಿ. ರಾತ್ರಿಯಾದರೆ ಕೆಳಗಿನವರ ಮೊಬೈಲ್ ಟಾರ್ಚ್ ಮಾಮೂಲಿ ಕ್ಯಾಮೆರಾಕ್ಕೂ ದೂರದಿಂದಲೇ ಕಾಣುತ್ತದೆ.

ಪ್ರತಿ ಬ್ಯಾಟರಿ ಮುಗಿದಾಗ ಐದು ನಿಮಿಷ ಎಲ್ಲರೂ ಸುಮ್ಮನಿದ್ದು ಕಿವಿಗೊಡಿ. ಕೆಳಗಿನಿಂದ ಬರುವ ಕೂಗನ್ನು ಡ್ರೋನ್ ಸದ್ದು ನುಂಗಿಬಿಡುತ್ತದೆ.

ವ್ಯಕ್ತಿ ಸಿಕ್ಕರೆ ಓರೆ ಫೋಟೋದ ಜಾಗ ಕಳಿಸಬೇಡಿ. ಅದು ಡ್ರೋನ್ ಇದ್ದ ಜಾಗ, ಮನುಷ್ಯ ನೂರು ಮೀಟರ್ ಆಚೆ ಇರಬಹುದು. ನೆತ್ತಿಯ ಮೇಲೆ ಹೋಗಿ, ಕ್ಯಾಮೆರಾ ಪೂರ್ತಿ ಕೆಳಗೆ ಮಾಡಿ, ಅವರನ್ನು ಚಿತ್ರದ ನಡುವೆ ತಂದು ಒಂದು ಫೋಟೋ. ಅದರೊಳಗಿನ ಅಕ್ಷಾಂಶ, ರೇಖಾಂಶವನ್ನು ದಶಮಾಂಶದಲ್ಲಿ, ಬಿಂದುವಿನ ನಂತರ ಐದು ಅಂಕಿ ಬರುವಂತೆ ಎಸ್ಸೆಮ್ಮೆಸ್ ಮಾಡಿ. ಡೇಟಾ ಸಿಗದಲ್ಲೂ ಎಸ್ಸೆಮ್ಮೆಸ್ ಹೋಗುವುದುಂಟು. ಖಾನಾಪುರ ಕಡೆ ಮೊದಲ ಸಂಖ್ಯೆ 15, ಎರಡನೆಯದು 74ರಿಂದ ಶುರುವಾಗದಿದ್ದರೆ ಎಲ್ಲೋ ತಪ್ಪಾಗಿದೆ.

ಕೆಂಪುಬಂಡಿ:

ಬಾದಾಮಿ ಲೆಕ್ಕ ಬ್ಯಾರೆ ಅದ ರೀ. ಬಂಡಿ ಬುಡದಿಂದ ಹಾರಿಸಿದ್ರ ಪರದೆ ಮ್ಯಾಲೆ ಕಾಣೋ ಎತ್ತರ ನೀವು ಹಾರಿಸಿದ ಜಾಗದಿಂದ ಅಳತಿ, ಬಂಡಿ ನೆತ್ತಿಯಿಂದ ಅಲ್ಲ. ರಿಟರ್ನ್ ಟು ಹೋಮ್ (ಡ್ರೋನ್ ತಾನ ವಾಪಸ್ ಬರೂದು) ಎತ್ತರ ಬಂಡಿ ನೆತ್ತಿಗಿಂತ 30 ಮೀಟರ್ ಹೆಚ್ಚಿಗಿ ಇಡ್ರಿ. ಆದ್ರ ಮುಂದ ಚಾಚಿದ ಬಂಡಿ ಕೆಳಗ ಇಣುಕಿ ನೋಡೂ ಮುಂದ, ಸಿಗ್ನಲ್ ಹೋದ್ರ ಏನು ಮಾಡಬೇಕು ಅನ್ನೋ ಕಡೆ ಹೋವರ್‌ಗೆ (ಇದ್ದಲ್ಲೇ ನಿಲ್ಲೂದು) ಬದಲಿಸ್ರಿ. ಇಲ್ಲಾಂದ್ರ ಅದು ನೆಟ್ಟಗ ಮ್ಯಾಲೆದ್ದು ಬಂಡಿಗೆ ಬಡದು ಬೀಳತದ, ಅದೂ ಕೆಳಗ ಗಾಯ ಆದವ್ರ ತಲಿ ಮ್ಯಾಲೆ.

ಸಂದಿಯೊಳಗ ಆಕಾಶ ಕಾಣೂದು ಕಡಿಮಿ, ಜಿಪಿಎಸ್ ಉಪಗ್ರಹ ಕೈ ಕೊಡತಾವ, ಡ್ರೋನ್ ತೇಲಾಕ ಹತ್ತತದ. ಬಯಲಾಗ ನಿಂತು ಹೋಮ್ ಪಾಯಿಂಟ್, ಅಂದ್ರ ವಾಪಸ್ ಬರೋ ಜಾಗ, ಗುರುತಾಗೋತನಕ ಕಾಯ್ರಿ. ಜೀಪಿನ ಬಾನೆಟ್ ಮ್ಯಾಲಿಂದ ಹಾರಿಸಬ್ಯಾಡ್ರಿ, ಕಬ್ಬಿಣಕ್ಕ ಕಂಪಾಸ್ ಕೆಡತದ.

ಎಲ್ಲಾಕ್ಕಿಂತ ದೊಡ್ಡ ಅಪಾಯ ಹೆಜ್ಜೇನು. ಬಂಡಿ ಹೊಟ್ಟಿಗೆ ಕಪ್ಪಗ ಜೋತುಬಿದ್ದ ಹುಟ್ಟು ಕಂಡ್ರ ಆ ಮಗ್ಗಲಕ ಹೋಗಬ್ಯಾಡ್ರಿ. ಹುಳ ಎದ್ದವಂದ್ರ ಡ್ರೋನ್ ಹೋಗೂದು ದೊಡ್ಡದಲ್ಲ, ಹಗ್ಗಕ್ಕ ಜೋತಾಡೋರು ಸಾಯತಾರ.

ಥರ್ಮಲ್ ಇದ್ದೋರೂ ಕೇಳ್ರಿ: ದಿನಾ ಪೂರ್ತಿ ಕಾದ ಮರಳುಗಲ್ಲು ಸಂಜಿ ಹೊತ್ತಿಗೆ ಮೈಶಾಖದಷ್ಟೇ ಬೆಚ್ಚಗ ಇರತದ, ಮನುಷ್ಯಾ ಕಲ್ಲಿನ್ಯಾಗ ಕರಗಿ ಹೋಗತಾನ. ಸೂರ್ಯಾ ಹುಟ್ಟೂ ಮುಂದಿನ ಒಂದು ತಾಸು ಛಲೋ.

ಮಲಪ್ರಭಾ_ದಂಡೆ:

ಹಗ್ಗದ ವಿಷಯ ಯಾರೂ ಹೇಳಲಿಲ್ಲ. ಹಳ್ಳದ ಆಚೆ ಸಿಕ್ಕವರಿಗೆ?

ಗೇಣು_ಮೊಳ:

ಹಗ್ಗ ಆಗುವುದಿಲ್ಲ, ಹಗ್ಗಕ್ಕೆ ಮುಂಚಿನ ದಾರ ಆಗುತ್ತದೆ. ಗಾಳದ ನೈಲಾನ್ ದಾರ, 0.4 ಮಿ.ಮೀ. ದಪ್ಪದ್ದು, 100 ಮೀಟರಿಗೆ 15 ಗ್ರಾಂ ಸಹ ತೂಗುವುದಿಲ್ಲ. ದಾರವನ್ನು ನೇರ ಡ್ರೋನ್‌ಗೆ ಕಟ್ಟದೆ ನಡುವೆ ಒಂದು ಗೇಣು ಹೊಲಿಗೆ ದಾರ ಇಡಿ; ಕೊಂಬೆಗೆ ಸಿಕ್ಕರೆ ಅದು ಹರಿಯಲಿ, ಡ್ರೋನ್ ಉಳಿಯಲಿ. ರೀಲು ಸಲೀಸಾಗಿ ಬಿಚ್ಚಿಕೊಳ್ಳಬೇಕು, ಇನ್ನೊಬ್ಬರು ಬೆರಳಲ್ಲಿ ಹಿಡಿದು ಬಿಡುತ್ತಿರಬೇಕು. ತುದಿಯಲ್ಲಿ 10-15 ಗ್ರಾಂ ತೂಕ ಇದ್ದರೆ ದಾರ ರೆಕ್ಕೆಗೆ ಹಾರುವುದಿಲ್ಲ. ಆಚೆಯವರು ದಾರ ಹಿಡಿದ ಮೇಲೆ ಅದಕ್ಕೆ 3 ಮಿ.ಮೀ. ಹುರಿ, ಹುರಿಗೆ ದಪ್ಪ ಹಗ್ಗ. ಆ ಹಗ್ಗ ಹಿಡಿದು ಹಳ್ಳ ದಾಟಿ ಎಂದು ಮಾತ್ರ ಹೇಳಬೇಡಿ. ಲೈಫ್ ಜಾಕೆಟ್, ಆಹಾರ ಎಳೆದುಕೊಳ್ಳಲು ಸಾಕು. ದಾಟಿಸುವುದು ಅಗ್ನಿಶಾಮಕ ದಳದ ಕೆಲಸ.

ನೀರಿನ ಬಾಟಲಿ ಮರೆತುಬಿಡಿ. ಏನು ಕಟ್ಟಿದರೂ ಡ್ರೋನ್ ತೂಕ 250 ಗ್ರಾಂ ದಾಟುತ್ತದೆ, ಕಾನೂನಿನ ಲೆಕ್ಕದಲ್ಲಿ ನ್ಯಾನೋ ಹೋಗಿ ಮೈಕ್ರೋ ವರ್ಗಕ್ಕೆ ಬೀಳುತ್ತದೆ. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಲೆನಾಕ್ಸ್ ಹೆಡ್‌ನಲ್ಲಿ ಡ್ರೋನ್ ತೇಲುಚೀಲ ಎಸೆದು ಇಬ್ಬರನ್ನು ಉಳಿಸಿದ್ದು ನಿಜ, ಆದರೆ ಅದು ಆ ಕೆಲಸಕ್ಕೆಂದೇ ಸಜ್ಜುಮಾಡಿದ ಯಂತ್ರ.

ಹರಿಯುವ ನೀರಿನ ಮೇಲೆ 10 ಮೀಟರಿಗಿಂತ ಕೆಳಗೆ ಇಳಿಯಬೇಡಿ. ಹೊಟ್ಟೆಯ ಕ್ಯಾಮೆರಾ ನೀರನ್ನೇ ನೆಲವೆಂದು ತಿಳಿದು ಪ್ರವಾಹದ ಜೊತೆ ತೇಲಿ ಹೋಗುತ್ತದೆ. ಮಿನಿ ಮಳೆಗೆ ಆದದ್ದಲ್ಲ. ಗೋಕಾಕ ಫಾಲ್ಸ್‌ನಂಥ ಕಡೆ ತುಂತುರೂ ಮಳೆಯೇ.

ಹಿಡಕಲ್_ಗಾಳಿ:

ಕಾನೂನಿನ ಮಾತು ಚುಟುಕಾಗಿ. 2021ರ ಡ್ರೋನ್ ನಿಯಮದಂತೆ ನ್ಯಾನೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ, ನೋಂದಣಿ ಬೇಕು. ಹಸಿರು ವಲಯದಲ್ಲಿ, ಅಂದರೆ ಅನುಮತಿ ಕೇಳದೆ ಹಾರಿಸಬಹುದಾದ ಕಡೆ, 400 ಅಡಿ ಮಿತಿ. ಸಾಂಬ್ರಾ ವಿಮಾನ ನಿಲ್ದಾಣದ ಸುತ್ತ, ಭೀಮಗಡ ಅಭಯಾರಣ್ಯದಲ್ಲಿ, ಬಾದಾಮಿಯ ಸ್ಮಾರಕಗಳ ಬಳಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಸ್ಥಳಕ್ಕೆ ಬಂದ ಪೊಲೀಸ್ ಅಧಿಕಾರಿಗೆ ನಿಮ್ಮಲ್ಲಿ ಡ್ರೋನ್ ಇದೆ ಎಂದು ಹೇಳಿ, ಅವರು ಹೇಳಿದಂತೆ ನಡೆಯಿರಿ. ಹೆಲಿಕಾಪ್ಟರ್ ಸದ್ದು ಕೇಳಿದರೆ ಬೇರೆ ಯೋಚನೆಯೇ ಇಲ್ಲ, ತಕ್ಷಣ ಇಳಿಸಿ.

ತಯಾರಿಯಲ್ಲಿ ಎಲ್ಲರೂ ಎಡವುವುದು ಬ್ಯಾಟರಿಯಲ್ಲಿ. ಪೂರ್ತಿ ಚಾರ್ಜ್ ಮಾಡಿ ಇಟ್ಟರೂ ಈ ಬ್ಯಾಟರಿಗಳು ಕೆಲವು ದಿನಗಳಲ್ಲಿ ತಮ್ಮಷ್ಟಕ್ಕೆ ಇಳಿದುಕೊಳ್ಳುತ್ತವೆ. ಹೊರಡುವ ಹಿಂದಿನ ರಾತ್ರಿ ಮತ್ತೆ ಚಾರ್ಜ್ ಮಾಡಿ. ಆ್ಯಪ್ ತೆರೆದು ಅಪ್‌ಡೇಟ್, ಲಾಗಿನ್, ಆಫ್‌ಲೈನ್ ನಕ್ಷೆ ಮನೆಯಲ್ಲೇ ಮುಗಿಸಿ. ಕಣಕುಂಬಿಯಲ್ಲಿ ಅದು ಅಪ್‌ಡೇಟ್ ಕೇಳಿದರೆ ನೆಟ್‌ವರ್ಕ್ ಎಲ್ಲಿಂದ ತರುತ್ತೀರಿ? ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ ಇರುವಂತೆ ನೋಡಿಕೊಳ್ಳಿ. ಕಣಿವೆಯಲ್ಲಿ ಶೇ. 40ಕ್ಕೇ ವಾಪಸ್ ಹೊರಡಿಸಿ, ಮೇಲೇರುವಾಗ ಬ್ಯಾಟರಿ ಬೇಗ ಇಳಿಯುತ್ತದೆ.