ಹೂವಿನ ಜಾಕೆಟ್ ಯಾರದ್ದು?

ಚಿಕ್ಕಪ್ಪ: (ಫೋಟೊ, ಫಾರ್ವರ್ಡ್) ವಿಕ್ಟೋರಿಯಾ ರಾಣಿ ಕಾಲದ ಜಾಕೆಟ್. ನಮ್ಮ ರವಿಕೆ ನೋಡಿಯೇ ಯುರೋಪಿನ ಹೆಂಗಸರು ಜಾಕೆಟ್ ಹೊಲಿಯಲು ಕಲಿತರು! ಎಲ್ಲರಿಗೂ ಕಳಿಸಿ.

ಅಕ್ಕ: ಎಷ್ಟು ಚೆಂದ ಇದೆ! ಕೆಂಪು ಹೂವು ನಿನ್ನೆ ಬರೆದ ಹಾಗಿದೆ.

ನಾನು: ಚಿಕ್ಕಪ್ಪ, ಇದನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಫೋಟೊ ಮೂಲೆಯಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಅಂತ ಇರುವುದು ಲಂಡನ್ನಿನ ಮ್ಯೂಸಿಯಂ ಹೆಸರು. ಅದನ್ನೇ ಯಾರೋ ರಾಣಿಯ ಕಾಲ ಅಂದುಕೊಂಡಿದ್ದಾರೆ. ಜಾಕೆಟ್ 18ನೇ ಶತಮಾನದ್ದು. ವಿಕ್ಟೋರಿಯಾ ಹುಟ್ಟಿದ್ದೇ 1819ರಲ್ಲಿ. ಫ್ರೆಂಚರು ಇಂಥ ಜಾಕೆಟ್ಟಿಗೆ ಕರಾಕೊ ಎನ್ನುತ್ತಿದ್ದರು.

ಚಿಕ್ಕಪ್ಪ: ಇಸವಿ ತಪ್ಪಿರಬಹುದು. ವಿಷಯ ಸರಿ ಅಲ್ವಾ?

ಅತ್ತೆ: ಸರಿ ಇಲ್ಲ. ಮೂವತ್ತು ವರ್ಷ ರವಿಕೆ ಹೊಲಿದವಳು ಹೇಳುತ್ತಿದ್ದೇನೆ. ಬೆನ್ನು ನೋಡು. ಸೊಂಟದ ಹತ್ತಿರ ಕಿರಿದಾಗುವ ತುಂಡುಗಳು, ಅದರ ಕೆಳಗೆ ಅಗಲವಾಗಿ ಬಿಚ್ಚಿಕೊಳ್ಳುವ ಅಂಚು. ಇದು ರವಿಕೆಯ ಕಟಿಂಗ್ ಅಲ್ಲವೇ ಅಲ್ಲ.

ನಾನು: ಹೌದು ಅತ್ತೆ. ಒಳಗೆ ಸ್ಟೇಸ್ ಅಂತ ಬಿಗಿಯಾದ ಉಡುಪು ಹಾಕಿ, ಲಂಗದ ಮೇಲೆ ಇದನ್ನು ತೊಡುತ್ತಿದ್ದರು. ಈ ಹೊಲಿಗೆ ಅವರದ್ದೇ.

ಚಿಕ್ಕಪ್ಪ: ಹಾಗಾದರೆ ನಮ್ಮದು ಏನೂ ಇಲ್ಲ. ಯಾವಾಗಲೂ ಇದೇ ಮಾತು ನಿಮ್ಮದು.

ನಾನು: ಇದೆ ಚಿಕ್ಕಪ್ಪ, ಅದಕ್ಕೇ ನನಗೆ ಹೊಟ್ಟೆ ಉರಿಯುವುದು! ಬಟ್ಟೆ ಬಂದದ್ದು ಕೋರಮಂಡಲ ತೀರದಿಂದ. ಅಜ್ಜಿ ಚೀಟಿ ಬಟ್ಟೆ ಎನ್ನುತ್ತಿದ್ದರಲ್ಲ, ಇಂಗ್ಲಿಷಿನವರ ಚಿಂಟ್ಸ್ ಅದೇ. ಹತ್ತಿ ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ಅದ್ದಬೇಕು. ಕಪ್ಪು ಗೆರೆಗೆ ಕಬ್ಬಿಣದ ರಸ. ಕೆಂಪು ಬೇಕಾದ ಕಡೆ ಕಲಮಿನಿಂದ ಪಟಿಕದ ನೀರು ಬರೆದು, ಆಮೇಲೆ ಬಣ್ಣದ ಬೇರಿನ ಜೊತೆ ಕುದಿಸಬೇಕು. ಪಟಿಕ ಇದ್ದಲ್ಲಿ ಮಾತ್ರ ಕೆಂಪು ಕಚ್ಚುತ್ತದೆ. ನೀಲಿಗೆ ಉಳಿದದ್ದೆಲ್ಲ ಮೇಣದಿಂದ ಮುಚ್ಚಿ ನೀಲಿಯ ತೊಟ್ಟಿಗೆ. ಒಂದೊಂದು ಬಣ್ಣಕ್ಕೂ ಒಗೆದು, ಒಣಗಿಸಿ, ಮತ್ತೆ ಶುರು. ಅಕ್ಕಾ, ನೀನು ನೋಡಿದ ಕೆಂಪು ಇದೇ.

ತಮ್ಮ: ಯುರೋಪಿನಲ್ಲಿ ಇದನ್ನು ಬ್ಯಾನ್ ಮಾಡಿದ್ದರಂತೆ, ನಿಜವಾ?

ನಾನು: ನಿಜ. ಫ್ರಾನ್ಸಿನಲ್ಲಿ 1686ರಿಂದ 1759ರವರೆಗೆ. ಇಂಗ್ಲೆಂಡಿನಲ್ಲಿ 1721ರ ಕಾಯಿದೆ ಪ್ರಕಾರ ಇಂಥ ಬಟ್ಟೆ ತೊಟ್ಟರೆ 5 ಪೌಂಡ್ ದಂಡ. ಉಣ್ಣೆ, ರೇಷ್ಮೆ ನೇಯುವವರ ಹೊಟ್ಟೆಗೆ ಕಲ್ಲು ಬಿದ್ದಿತ್ತು. ಡಚ್ಚರು ಬ್ಯಾನ್ ಮಾಡಲಿಲ್ಲ. ಈ ಫೋಟೊ ಕೆಳಗೂ ಹೊಲಿಗೆ ನೆದರ್‌ಲ್ಯಾಂಡ್ಸ್ ಅಂತಲೇ ಇದೆ.

ಚಿಕ್ಕಪ್ಪ: ಅಷ್ಟು ಬೇಡಿಕೆ ಇತ್ತು ಅಂದಮೇಲೆ ಜಾಕೆಟ್ಟೇ ನಮ್ಮದು ಅಂದರೆ ತಪ್ಪೇನು?

ನಾನು: ಹೂವು ಬರೆದವರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ಮಾಡಿದ ಕೆಲಸ ಬಿಟ್ಟು, ಮಾಡದೇ ಇದ್ದದ್ದಕ್ಕೆ ಹೊಗಳಿದರೆ ನನಗೆ ಬೇಜಾರಾಗುತ್ತದೆ.

ಅತ್ತೆ: ಪಕ್ಕದ ಹೊಲಿಗೆ ದೊಡ್ಡದು ಮಾಡಿ ನೋಡಿ. ದೊಡ್ಡ ಹೂವು ಅರ್ಧಕ್ಕೇ ಕತ್ತರಿಸಿದೆ. ಆ ಕಡೆ ಬರೀ ಒಂದು ಎಲೆ ಬಂದು ಕೂತಿದೆ.

ಚಿಕ್ಕಪ್ಪ: ನೋಡಿದೆ. ಅಷ್ಟು ಕಷ್ಟಪಟ್ಟು ಬರೆದದ್ದು, ಛೆ.

ಚಿಕ್ಕಪ್ಪ: ಆ ಅಳಲೆಕಾಯಿ ವಿಷಯ ಒಂದೇ ಮೆಸೇಜ್ ಮಾಡಿ ಕಳಿಸು. ಫೋಟೊ ಜೊತೆ ಅದನ್ನು ಹಾಕುತ್ತೇನೆ.