ರೈಲು ಕಾಮಗಾರಿಯ ದುಡ್ಡೋ, ತೆರಿಗೆ ಕಡಿತದ ದುಡ್ಡೋ? ನಿಮ್ಮ ಕೈಗೆ ಬಂದದ್ದು ಯಾವುದು, ಅನುಭವ ಹೇಳಿ

ಹಿರಿಯೂರು ಅಂಗಡಿ: ಎಲ್ಲರಿಗೂ ನಮಸ್ಕಾರ. ಹಿರಿಯೂರಿನಲ್ಲಿ ನನ್ನದು ಟಿವಿ, ಫ್ರಿಜ್ ಅಂಗಡಿ. ಕೈಯಲ್ಲಿ 14 ಲಕ್ಷ ಇದೆ. ತುಮಕೂರು–ದಾವಣಗೆರೆ ಹೊಸ ಲೈನಿನ ಮಣ್ಣಿನ ಕೆಲಸಕ್ಕೆ ಟಿಪ್ಪರ್ ಬಿಡೋಣ ಅಂತ ಭಾವ ಹಟ ಹಿಡಿದಿದ್ದಾರೆ. 2025-26ರ ಬಜೆಟ್‌ನಲ್ಲಿ ರೈಲ್ವೆಗೆ 2.52 ಲಕ್ಷ ಕೋಟಿ, ಅದರಲ್ಲಿ ಕರ್ನಾಟಕಕ್ಕೆ 7,564 ಕೋಟಿ ಇಟ್ಟಿದ್ದಾರೆ, ಆ ದುಡ್ಡು ನಮ್ಮ ಕಡೆ ಹರಿಯಲೇಬೇಕು ಅನ್ನುವುದು ಅವರ ಮಾತು. ಮನೆಯವಳು ಬೇರೆ ಹೇಳುತ್ತಾಳೆ. 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ, ಜಿಎಸ್‌ಟಿಯೂ ಇಳಿದಿದೆ, ಜನ ಕೊಳ್ಳುತ್ತಾರೆ, ಅಂಗಡಿಯನ್ನೇ ದೊಡ್ಡದು ಮಾಡಿ ಅಂತ. ಎರಡರಲ್ಲಿ ಯಾವುದರಿಂದ ನಿಮಗೆ ನಿಜವಾಗಿ ವ್ಯಾಪಾರ ಆಯಿತು?

ಟಿಪ್ಪರ್ ಶಿರಾ: ಅಣ್ಣಾ, ಟಿಪ್ಪರ್ ಬೇಡ. ನನ್ನ ಲೆಕ್ಕ ನೋಡಿ. ಗಾಡಿ 46 ಲಕ್ಷ. ಕೈಯಿಂದ 8 ಹಾಕಿದೆ, ಉಳಿದ 38ಕ್ಕೆ ಸಾಲ. ಕಂತು ತಿಂಗಳಿಗೆ 96,000. ಡ್ರೈವರ್‌ಗೆ 24,000, ಬಾಟಾ ಬೇರೆ. ಗಾಡಿ ಓಡಿದ ದಿನ ಡೀಸೆಲ್‌ಗೆ ಆರೂವರೆ ಸಾವಿರ. ಕಲ್ಲು ನೆಲದಲ್ಲಿ ಟೈರ್ ಬೇಗ ಹೋಗುತ್ತೆ, ಜೋಡಿಗೆ 46,000. ಇದೆಲ್ಲ ಗೊತ್ತಿದ್ದೇ ಇಳಿದೆ. ಗೊತ್ತಿಲ್ಲದ್ದು ದುಡ್ಡು ಇಳಿಯುವ ದಾರಿ. ರೈಲ್ವೆಯಿಂದ ದೊಡ್ಡ ಗುತ್ತಿಗೆದಾರ, ಅವನ ಕೆಳಗೆ ಒಬ್ಬ, ಅವನ ಕೆಳಗೆ ಇನ್ನೊಬ್ಬ, ಕೊನೆಗೆ ನಾನು. ಮೇಲಿನವರ ಬಿಲ್ ಪಾಸ್ ಆದರೂ ನನಗೆ ನಾಲ್ಕು ತಿಂಗಳು ಬರಲಿಲ್ಲ. ಬಂದಾಗ ಸೆಕ್ಯುರಿಟಿ ಅಂತ 5% ಹಿಡಿದರು, ಟಿಡಿಎಸ್ 1% ಹೋಯಿತು. ಅಷ್ಟರಲ್ಲಿ ಬಿಲ್ ಕೊಟ್ಟಿದ್ದೀಯಲ್ಲ, ಜಿಎಸ್‌ಟಿ ಕಟ್ಟು ಅಂತ ಆಡಿಟರ್ ಅಂದರು. ಬಾರದ ದುಡ್ಡಿಗೆ ಕೈಯಿಂದ ತೆರಿಗೆ ಕಟ್ಟಿದ್ದೇನೆ. ಎಲ್ಲರಿಗೂ ತೆರಿಗೆ ಇಳಿದ 2025ರ ಸೆಪ್ಟೆಂಬರ್‌ನಲ್ಲೇ ಸರ್ಕಾರಿ ಮಣ್ಣಿನ ಕೆಲಸಕ್ಕೆ 12% ಇದ್ದದ್ದು 18% ಆಯಿತು. ಇದನ್ನು ಯಾವ ಟಿವಿಯವರೂ ಹೇಳಲಿಲ್ಲ. ಅದರ ಮೇಲೆ ನನ್ನ ತುಂಡಿನಲ್ಲಿ ಜಮೀನು ಬಿಟ್ಟುಕೊಟ್ಟಿಲ್ಲ ಅಂತ ಕೆಲಸ ನಿಂತಿತು. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ.

ದಾವಣಗೆರೆ ಶೋರೂಮ್: ನಿಮ್ಮ ಮನೆಯವರ ಮಾತು ಕೇಳಿ. ನನ್ನದೂ ಇದೇ ವ್ಯಾಪಾರ. ಸೆಪ್ಟೆಂಬರ್ 22ಕ್ಕೆ ಹೊಸ ಜಿಎಸ್‌ಟಿ ದರ ಬಂತು, ಅವತ್ತೇ ನವರಾತ್ರಿ ಶುರು. 32 ಇಂಚಿಗಿಂತ ದೊಡ್ಡ ಟಿವಿಯ ತೆರಿಗೆ 28%ರಿಂದ 18%ಕ್ಕೆ ಇಳಿಯಿತು. 25,000ದ ಮೂಲ ಬೆಲೆಯ ಟಿವಿ 32,000 ಇದ್ದದ್ದು 29,500 ಆಯಿತು. ಎಸಿಯೂ ಹಾಗೇ. ದೀಪಾವಳಿ ತನಕ ಅಂಗಡಿಯಲ್ಲಿ ಕೂರಲು ಪುರುಸೊತ್ತು ಇರಲಿಲ್ಲ. ಆದರೆ ಅದಕ್ಕೆ ಮುಂಚಿನ ಐದು ವಾರದ ಕಷ್ಟ ನಮಗೇ ಗೊತ್ತು. ಆಗಸ್ಟ್ 15ಕ್ಕೆ ಕೆಂಪುಕೋಟೆಯಿಂದ ತೆರಿಗೆ ಇಳಿಸುತ್ತೇವೆ ಅಂದರು, ಮರುದಿನದಿಂದ ಗಿರಾಕಿ ಬಂದ್. ಗೌರಿ ಗಣೇಶ ಹಬ್ಬದ ವ್ಯಾಪಾರ ಪೂರ್ತಿ ಹೋಯಿತು. ಬಾಡಿಗೆ 55,000, ನಾಲ್ಕು ಹುಡುಗರ ಸಂಬಳ ಕೈಯಿಂದ. 28% ಕೊಟ್ಟು ತಂದ ಹಳೇ ಸ್ಟಾಕನ್ನು 18ಕ್ಕೆ ಮಾರಿದೆ. ಆ ವ್ಯತ್ಯಾಸ ಜಿಎಸ್‌ಟಿಯ ಕ್ರೆಡಿಟ್ ಲೆಡ್ಜರ್‌ನಲ್ಲಿ ಕೂತಿದೆ, ಮುಂದೆ ಕಟ್ಟುವ ತೆರಿಗೆಗೆ ಹೊಂದಿಸಬಹುದು ಅಷ್ಟೇ, ನಗದಾಗಿ ಬರುವುದಿಲ್ಲ. ಕಂಪನಿ ನಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಡುವ ಕ್ರೆಡಿಟ್ ನೋಟ್‌ಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಆದರೂ ಹೇಳುತ್ತೇನೆ, ಈ ದುಡ್ಡು ಗಿರಾಕಿಯ ಜೇಬಿನಿಂದ ನೇರ ನನ್ನ ಗಲ್ಲಾಕ್ಕೆ ಬಂತು. ನಡುವೆ ಮೂವರು ಗುತ್ತಿಗೆದಾರರು ಇರಲಿಲ್ಲ.

ಟಿಪ್ಪರ್ ಶಿರಾ: ಶೋರೂಮ್ ಸಾರ್, ಹಿರಿಯೂರಿನವರು ಫ್ರಿಜ್ ಅಂತಲೂ ಬರೆದಿದ್ದಾರೆ. ಫ್ರಿಜ್, ವಾಷಿಂಗ್ ಮೆಷಿನ್ ಮೊದಲೇ 18ರಲ್ಲಿ ಇದ್ದವು, ಈಗಲೂ ಅಲ್ಲೇ ಇವೆ. ಅದನ್ನು ಯಾಕೆ ಬಿಟ್ಟಿರಿ?

ದಾವಣಗೆರೆ ಶೋರೂಮ್: ನಾನು ಟಿವಿ, ಎಸಿ ಅಂತ ಸ್ಪಷ್ಟವಾಗಿ ಬರೆದಿದ್ದೇನೆ. ಓದಿ ಮಾತಾಡಿ.

ವೈಟ್‌ಫೀಲ್ಡ್ ಅಕೌಂಟ್ಸ್: ಜನ ಕೊಳ್ಳುತ್ತಾರೆ ಅನ್ನುವುದಕ್ಕೆ ನನ್ನ ಮನೆಯ ಕಥೆ ಕೇಳಿ. ನನ್ನ ಆದಾಯ ಸರಿಯಾಗಿ 12 ಲಕ್ಷದ ಹತ್ತಿರ. ಬಜೆಟ್‌ನಲ್ಲಿ ಹೇಳಿದ ಹಾಗೆ ವರ್ಷಕ್ಕೆ 80,000 ಉಳಿಯಿತು. ಎಲ್ಲಿ ಹೋಯಿತು ಅಂದರೆ, 45,000 ಅಮ್ಮನ ಬಳೆ ಬಿಡಿಸಲು. ಬ್ಯಾಂಕಿನ ಚಿನ್ನದ ಸಾಲ ಅದು. 22,000 ಮಗಳ ಶಾಲೆಯ ಫೀಸು ಏರಿದ್ದಕ್ಕೆ. ಉಳಿದದ್ದು ಬಾಡಿಗೆ ಏರಿದ್ದಕ್ಕೆ. ಹೊಸ ಟಿವಿ ಬರಲಿಲ್ಲ. ಸರ್ಕಾರ ಈ ಒಂದು ಕಡಿತಕ್ಕೆ ಸುಮಾರು 1 ಲಕ್ಷ ಕೋಟಿ ಬಿಟ್ಟುಕೊಟ್ಟಿದೆ. ನನಗೆ ನೆಮ್ಮದಿ ಆಯಿತು, ನಿಜ. ಆದರೆ ಆ ದುಡ್ಡು ಸಾಲ ತೀರಿಸಿ ಅಲ್ಲೇ ನಿಂತಿತು. 2013ರಲ್ಲಿ ಸರ್ಕಾರದ ಹಣಕಾಸಿನ ಬಗ್ಗೆ ಸಂಶೋಧನೆ ಮಾಡುವ ದೆಹಲಿಯ ಎನ್‌ಐಪಿಎಫ್‌ಪಿ ಸಂಸ್ಥೆಯವರು ಲೆಕ್ಕ ಹಾಕಿದಾಗ, ಸರ್ಕಾರ ಕಟ್ಟುವ ಕೆಲಸಕ್ಕೆ ಹಾಕಿದ ಒಂದು ರೂಪಾಯಿ ಸುಮಾರು ಎರಡೂವರೆ ರೂಪಾಯಿ ವಹಿವಾಟು ತರುತ್ತದೆ, ತೆರಿಗೆ ಇಳಿಸಿದ ರೂಪಾಯಿ ಹೆಚ್ಚು ಕಡಿಮೆ ಒಂದೇ ರೂಪಾಯಿ ಅಂತ ಬಂದಿತ್ತು.

ಟಿಪ್ಪರ್ ಶಿರಾ: ಮೇಡಂ, ಆ ಎರಡೂವರೆಯಲ್ಲಿ ನನ್ನ ಬಾಕಿ ಬಿಲ್ಲೂ ಸೇರಿದೆಯಾ? ನಾಲ್ಕು ತಿಂಗಳು ರೈಲ್ವೆ ಕೆಲಸಕ್ಕೆ ಬಂಡವಾಳ ಹಾಕಿದವನು ನಾನು. ಬಡ್ಡಿ ಕಟ್ಟಿದವನು ನಾನು.

ವೈಟ್‌ಫೀಲ್ಡ್ ಅಕೌಂಟ್ಸ್: ನಿಮ್ಮ ದುಡ್ಡು ಹಿಡಿದವನು ಗುತ್ತಿಗೆದಾರ. ಅದಕ್ಕೆ ರೈಲೇ ಬೇಡ ಅಂದರೆ ಹೇಗೆ? ಬೇಗ ದುಡ್ಡು ಕೊಡಿಸಿ ಅಂತ ಕೇಳಿ, ಅದು ನ್ಯಾಯ.

ಟಿಪ್ಪರ್ ಶಿರಾ: ಯಾರನ್ನು ಕೇಳಲಿ? ಕೇಳಿದವನ ಗಾಡಿ ಮರುದಿನ ಸೈಟಿಗೆ ಬರುವಂತಿಲ್ಲ. ತಿಂಗಳ ಕೊನೆಗೆ ಸಂಬಳ ಬರುವವರಿಗೆ ಇದು ಅರ್ಥ ಆಗುವುದಿಲ್ಲ.

ಕುಷ್ಟಗಿ ಖಾನಾವಳಿ: ಜಗಳ ಬಿಡ್ರಿ. ನಮ್ಮಲ್ಲಿ ಗದಗ–ವಾಡಿ ಲೈನಿನ ಮೊದಲ ತುಂಡು ತಳಕಲ್‌ನಿಂದ ಕುಷ್ಟಗಿ ತನಕ ಆಗಿ, 2025ರ ಮೇನಲ್ಲಿ ಹುಬ್ಬಳ್ಳಿ ರೈಲು ಶುರುವಾಯಿತು. ಹಳಿ ಹಾಕುವಾಗ ಕೂಲಿಯವರು, ಮೇಸ್ತ್ರಿಗಳು ನಮ್ಮಲ್ಲೇ ಊಟ. ದಿನಕ್ಕೆ ಹಿಟ್ಟು ಮೊದಲಿನ ಎರಡರಷ್ಟು ಹೋಗುತ್ತಿತ್ತು. ರೊಟ್ಟಿ ಬಡಿಯಲು ಇಬ್ಬರು ಹೆಣ್ಣುಮಕ್ಕಳನ್ನು ಸೇರಿಸಿಕೊಂಡೆ. ಕ್ಯಾಂಪ್ ಮುಂದಕ್ಕೆ ಹೋದಾಗ 38,000 ಉದ್ರಿ ಬಾಕಿ ಉಳಿಯಿತು, ಅದು ಬರಲಿಲ್ಲ. ಆದರೂ ಆ ಇಬ್ಬರು ಇವತ್ತಿಗೂ ನನ್ನಲ್ಲೇ ಇದ್ದಾರೆ. ಆದಾಯ ತೆರಿಗೆ ಇಳಿದದ್ದರಿಂದ ಅವರಿಗೆ ಏನೂ ಬರಲಿಲ್ಲ, ಅವರು ಯಾವತ್ತೂ ಅದನ್ನು ಕಟ್ಟಿದವರೇ ಅಲ್ಲ. ನಾನು ರೈಲಿನ ಪರ. ನಾಚಿಕೆ ಇಲ್ಲದೆ ಹೇಳುತ್ತೇನೆ.

ಸಿಂಧನೂರು ಭತ್ತ: ನಿಮ್ಮದು ಬಂತು, ಸಂತೋಷ. ನಮ್ಮ ಮುನಿರಾಬಾದ್–ಮಹಬೂಬ್‌ನಗರ ಲೈನ್ ಮಂಜೂರಾದದ್ದು 1997-98ರಲ್ಲಿ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ನಮ್ಮಪ್ಪನ ಎರಡು ಎಕರೆ ಹೋಯಿತು. ಪರಿಹಾರ ಸಾಲದು ಅಂತ ಕೇಸು, ವಕೀಲರ ಫೀಸು, ರಾಯಚೂರಿಗೆ ಓಡಾಟ. ಅಪ್ಪ ರೈಲು ನೋಡಲಿಲ್ಲ. ಮಂದಿ ಕೈಯಲ್ಲಿ ದುಡ್ಡಿಲ್ಲ, ಈಗಲೇ ವಹಿವಾಟು ಎಬ್ಬಿಸಬೇಕು ಅಂತ ಖರ್ಚು ಮಾಡುವುದಾದರೆ ಇಷ್ಟು ವರ್ಷ ಹಿಡಿಯುವ ಕೆಲಸದಿಂದ ಆಗುತ್ತಾ? ತೆರಿಗೆಯಾದರೆ ಒಂದು ರಾತ್ರಿಯಲ್ಲಿ ಇಳಿಯುತ್ತೆ.

ಕುಷ್ಟಗಿ ಖಾನಾವಳಿ: ಆ ವಿಳಂಬ ದುಡ್ಡು ಕೊಡದೆ ಆದದ್ದು. ವರ್ಷಕ್ಕೆ ಚೂರು ಚೂರು ಇಟ್ಟರೆ ಯಾವ ಲೈನು ಮುಗಿಯುತ್ತೆ? ಜಾಸ್ತಿ ಇಡಿ ಅನ್ನುವುದಕ್ಕೇ ನಿಮ್ಮ ಊರು ಸಾಕ್ಷಿ.

ಸಿಂಧನೂರು ಭತ್ತ: ನಮ್ಮಪ್ಪನ ಕೇಸನ್ನು ನಿಮ್ಮ ವಾದಕ್ಕೆ ಬಳಸಬೇಡಿ.

ಬೆಳಗಾವಿ ಫೌಂಡ್ರಿ: ತೆರಿಗೆ ಕಡಿತ ಅಂದರೆ ಟಿವಿ ಒಂದೇ ಅಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿ ತೆರಿಗೆ 30ರಿಂದ 22ಕ್ಕೆ ಇಳಿಸಿದರು, ವರ್ಷಕ್ಕೆ 1.45 ಲಕ್ಷ ಕೋಟಿ ಬಿಡುತ್ತೇವೆ ಅಂದರು. ಹೊಸ ಕಾರ್ಖಾನೆಗೆ ಆಗ 15% ಮಾಡಿದರು. ನಮ್ಮದು ಪಾಲುದಾರಿಕೆ ಸಂಸ್ಥೆ, ಅವತ್ತೂ 30%, ಇವತ್ತೂ 30%. ನಾನು ಎರಕ ಹೊಯ್ದು ಕೊಡುವ ದೊಡ್ಡ ಕಂಪನಿಗೆ ಕಡಿತ ಸಿಕ್ಕಿತು. ನನಗೆ ಕೊಡುವ ದರ ಒಂದು ಪೈಸೆ ಏರಲಿಲ್ಲ. ಹೊಸ ಫರ್ನೇಸ್‌ಗೆ ಸಾಲ ಮಾಡಿದ್ದು ರೈಲ್ವೆ ಬಿಡಿಭಾಗದ ಆರ್ಡರ್ ಬಂದ ಮೇಲೆ. ಕೈಯಲ್ಲಿ ಆರ್ಡರ್ ಇಲ್ಲದೆ ತೆರಿಗೆ ಇಳಿಯಿತು ಅಂತ ಯಾರೂ ಫರ್ನೇಸ್ ಕೊಳ್ಳುವುದಿಲ್ಲ.

ದಾವಣಗೆರೆ ಶೋರೂಮ್: 2019ರ ಬೆನ್ನಿಗೇ ಕೊರೊನಾ ಬಂತು. ಅದನ್ನು ಹಿಡಿದು ತೆರಿಗೆ ಕಡಿತವೇ ದಂಡ ಅನ್ನುವುದು ಸರಿಯಲ್ಲ.

ಬೆಳಗಾವಿ ಫೌಂಡ್ರಿ: ಕೊರೊನಾ ಹೋದ ಮೇಲೆ ಆ ಕಂಪನಿ ನನ್ನ ಎರಕಕ್ಕೆ ಕೊಡುವ ದರವನ್ನೇ ನಾನು ಹೇಳುತ್ತಿರುವುದು. ಇವತ್ತಿನ ದರವನ್ನು.

ಹಿರಿಯೂರು ಅಂಗಡಿ: ಎಲ್ಲರಿಗೂ ಧನ್ಯವಾದ. ಟಿಪ್ಪರ್ ಅಣ್ಣ, ಟಿಪ್ಪರ್‌ಗೂ ಜಿಎಸ್‌ಟಿ 28ರಿಂದ 18 ಆಗಿದೆ, ಈಗ ಅಗ್ಗ ಅಲ್ವಾ ಅಂತ ಭಾವ ಕೇಳುತ್ತಿದ್ದಾರೆ.

ಟಿಪ್ಪರ್ ಶಿರಾ: ಹೊಸದು ಅಗ್ಗ ಆಯಿತು. ಅದಕ್ಕೇ ನನ್ನ ಹಳೇ ಗಾಡಿಗೆ ಮರುಮಾರಾಟದ ಬೆಲೆ ಬಿತ್ತು, ಮಾರಿದರೆ ಸಾಲ ತೀರುವುದಿಲ್ಲ. ಭಾವನಿಗೆ ಹೇಳಿ, ಗುತ್ತಿಗೆದಾರನ ಹತ್ತಿರ ಮೊದಲು ಮುಂಗಡ ಕೇಳಲಿ. ಕೊಟ್ಟರೆ ಗಾಡಿ ತೆಗೆಯಲಿ.

ಸಿಂಧನೂರು ಭತ್ತ: ಭೂಪರಿಹಾರದ ಕೇಸು ಹೈಕೋರ್ಟ್ ತನಕ ಒಯ್ದವರು ಯಾರಾದರೂ ಇದ್ದೀರಾ? ಬಡ್ಡಿ ಯಾವ ದಿನದಿಂದ ಲೆಕ್ಕ ಹಾಕಿದರು ಅಂತ ತಿಳಿಸಿ.