ಆದಿತ್ಯವಾರ ತೋಡಿನ ಹೂಳು ತೆಗೆಯುವ ಬಗ್ಗೆ (ಗುಡ್ಡೆಯವರೂ ಓದಿ)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಗುರುವಾರ ರಾತ್ರಿಯ ಮಳೆಗೆ ಕೆಳಗಿನ ಸಾಲಿನ ಮನೆಗಳಿಗೆ ಮತ್ತೆ ನೀರು ನುಗ್ಗಿದೆ. ಇನ್ನೂ ಮೇ ತಿಂಗಳು, ನಿಜವಾದ ಮಳೆಗಾಲ ಶುರುವೇ ಆಗಿಲ್ಲ. ಗುಡ್ಡೆಯ ಮಳೆನೀರು ಹೊಳೆಗೆ ಹೋಗುವ ತೋಡಿನ (ಸಣ್ಣ ಕಾಲುವೆಯ) ವಿಷಯ ಈ ಸಲ ಮಾತಾಡಿ ಮುಗಿಸುವ. ಎರಡು ದಿನ ಗುಡ್ ಮಾರ್ನಿಂಗ್ ಹೂವು, ಫಾರ್ವರ್ಡ್ ವಿಡಿಯೊ ಹಾಕಬೇಡಿ ದಯವಿಟ್ಟು.

ತೋಡಿನ ಬದಿ ಮನೆ: ನೀರು ನುಗ್ಗಿದೆ ಅಂದರೆ ಎಷ್ಟು ಅಂತ ಹೇಳುತ್ತೇನೆ. ಫ್ರಿಜ್ಜು ಊಟದ ಮೇಜಿನ ಮೇಲೆ ಉಂಟು. ಅತ್ತೆಯನ್ನು ಪಕ್ಕದವರ ಮಹಡಿಯಲ್ಲಿ ಮಲಗಿಸಿದೆವು. ಅದೂ ಬಂದದ್ದು ಬರೀ ನೀರಲ್ಲ ಮಾರಾಯ್ರೆ, ಗುಡ್ಡೆಯ ಕೆಂಪು ಮಣ್ಣು. ಮೇಲೆ ಹೊಸ ಕಟ್ಟಡಕ್ಕೆ ಅಗೆದು ರಾಶಿ ಹಾಕಿದ್ದಾರಲ್ಲ, ಅದೇ. ಒರೆಸಿದಷ್ಟೂ ಬರುತ್ತದೆ.

ದಿನಸಿ ಅಂಗಡಿ: 2018ರ ಮೇ 29 ನೆನಪುಂಟಾ? ನಮ್ಮ ಮಂಗಳೂರಿನ ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆಯೆಲ್ಲ ನೀರೇ ನೀರು. ಅವತ್ತು ಊರಿಗೆ ಊರೇ ಮುಳುಗಿತ್ತು, ಯಾರನ್ನೂ ಬೈಯುವ ಹಾಗೆ ಇರಲಿಲ್ಲ. ಈಗ ಅರ್ಧ ಗಂಟೆ ಜೋರು ಮಳೆ ಬಂದರೆ ಸಾಕು, ಅಕ್ಕಿ ಮೂಟೆ ಮೇಲೆ ಎತ್ತಬೇಕು.

ಗುಡ್ಡೆ ಮನೆ: ನೀರು ಕೆಳಗೆ ಹರಿಯದೆ ಮೇಲಕ್ಕೆ ಹೋಗುತ್ತದಾ? ಎಲ್ಲ ಗುಡ್ಡೆಯವರ ತಲೆಗೆ ಕಟ್ಟುವುದು ಸರಿಯಲ್ಲ. ತೋಡಿಗೆ ಪ್ಲಾಸ್ಟಿಕ್ ಬಿಸಾಡುವವರು ಯಾರು? ನಾವಲ್ಲ.

ತೋಡಿನ ಬದಿ ಮನೆ: ನಾವಾ? ನಮ್ಮ ಮನೆ ಬಾಗಿಲಿಗೇ ನಾವು ಕಸ ಹಾಕುತ್ತೇವಾ?

ಅಡ್ಮಿನ್: ಜಗಳ ಬೇಡ. ಇಂಜಿನಿಯರ್ ಸರ್ ನಿನ್ನೆ ಸಂಜೆ ಕೊಡೆ ಹಿಡಿದುಕೊಂಡು ತೋಡಿನ ಉದ್ದಕ್ಕೂ ನಡೆದು ನೋಡಿದ್ದಾರೆ. ಅವರು ಬರೆಯಲಿ.

ಇಂಜಿನಿಯರ್ ಸರ್: ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ತೊಂದರೆ ಎರಡು ಕಡೆ ಉಂಟು.

ಕೆಳಗಿನದ್ದು ಅಡ್ಡರಸ್ತೆಯ ಅಡಿಯಲ್ಲಿರುವ ಮೋರಿ. ಅದರ ಬಾಯಿಗೆ ಅಡ್ಡವಾಗಿ ಒಂದು ನೀರಿನ ಪೈಪು, ಮೂರ್ನಾಲ್ಕು ಕೇಬಲ್ಲು ಹೋಗಿವೆ. ತೆಂಗಿನ ಮಡಲೊಂದು ತೇಲಿ ಬಂದು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಪ್ಲಾಸ್ಟಿಕ್, ಪ್ಲಾಸ್ಟಿಕ್ ಮೇಲೆ ಮಣ್ಣು. ಅಲ್ಲಿಗೆ ಮೋರಿಯ ಅರ್ಧ ಬಾಯಿ ಮುಚ್ಚಿತು. ಮೋರಿಯ ಒಳಗೂ ಹೂಳು ತುಂಬಿದೆ. ಇದನ್ನು ನಾವೇ ಬಿಡಿಸಬಹುದು.

ಮೇಲಿನದ್ದು ಕಷ್ಟ. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ. ಮೊದಲು ಗುಡ್ಡೆಯಲ್ಲಿ ಹುಲ್ಲು, ಗೇರು ಮರ ಇದ್ದಾಗ ಮಳೆನೀರು ತುಂಬಾ ಇಂಗುತ್ತಿತ್ತು, ಉಳಿದದ್ದು ನಿಧಾನ ಇಳಿಯುತ್ತಿತ್ತು. ಕೆಳಗೆ ಗದ್ದೆ ಇತ್ತು, ಒಂದೆರಡು ದಿನ ನೀರು ನಿಂತರೂ ಯಾರಿಗೂ ತೊಂದರೆ ಇಲ್ಲ. ಈಗ ಗದ್ದೆಗೆ ಮಣ್ಣು ತುಂಬಿಸಿ ಅಲ್ಲೇ ನಾವು ಮನೆ ಕಟ್ಟಿಕೊಂಡಿದ್ದೇವೆ. ಮೇಲೆ ಅಂಗಳಕ್ಕೆಲ್ಲ ಸಿಮೆಂಟು ಬಿಲ್ಲೆಯ ಇಂಟರ್‌ಲಾಕ್, ರಸ್ತೆಗೆ ಕಾಂಕ್ರೀಟು. ಬಿದ್ದ ನೀರು ಬಿದ್ದ ಹಾಗೇ ಕೆಳಗೆ ಓಡಿ ಬರುತ್ತದೆ.

ಲೆಕ್ಕ ನೋಡಿ. ಸಾವಿರ ಚದರ ಅಡಿಯ ಒಂದು ತಾರಸಿ. ಅದರ ಮೇಲೆ 100 ಮಿ.ಮೀ. ಮಳೆ ಬಿದ್ದರೆ 9 ಸಾವಿರ ಲೀಟರ್‌ಗಿಂತ ಜಾಸ್ತಿ ನೀರು. ಹವಾಮಾನ ಇಲಾಖೆಯ ಆರೆಂಜ್ ಅಲರ್ಟ್ ಅಂದರೆ 24 ಗಂಟೆಯಲ್ಲಿ 115 ಮಿ.ಮೀ. ದಾಟುವ ಮಳೆ, ರೆಡ್ ಅಂದರೆ 204 ದಾಟುವುದು. ಗುಡ್ಡೆಯಲ್ಲಿ ಎಷ್ಟು ತಾರಸಿ ಉಂಟು ಅಂತ ನೀವೇ ಎಣಿಸಿ. ತೋಡು ಎಷ್ಟು ಸ್ವಚ್ಛ ಮಾಡಿದರೂ ಅಷ್ಟನ್ನು ಒಟ್ಟಿಗೆ ತಾಳುವುದಿಲ್ಲ. ಹಾಗಾಗಿ ಮೇಲಿನವರು ಕೈ ಜೋಡಿಸದೆ ಇದು ಮುಗಿಯುವ ಕೆಲಸ ಅಲ್ಲ.

ಬೋಟಿನ ಅಣ್ಣ: ಸರ್, ಇನ್ನೊಂದು ಉಂಟು. ನಮ್ಮ ತೋಡು ಹೋಗಿ ಸೇರುವುದು ಫಲ್ಗುಣಿ ಹೊಳೆಗೆ. ಹೊಳೆ ಸಮುದ್ರ ಸೇರುವ ಅಳಿವೆಬಾಗಿಲಿಂದ ಉಬ್ಬರದ ನೀರು ಒಳಗೆ ಏರುತ್ತದೆ. ಆಗ ತೋಡಿನ ನೀರು ಮುಂದೆ ಹೋಗುವುದೇ ಇಲ್ಲ, ನಿಂತಲ್ಲೇ ನಿಲ್ಲುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಇನ್ನೂ ಜೋರು. ಅದೇ ಹೊತ್ತಿಗೆ ಮಳೆ ಹೊಡೆದರೆ ಮೋರಿ ಕ್ಲೀನ್ ಇದ್ದರೂ ನೀರು ಬರುತ್ತದೆ. ಇಳಿತದ ಹೊತ್ತು ನೋಡಿ ಕೆಲಸ ಶುರು ಮಾಡಿ, ಹೂಳು ಎತ್ತಲು ಸುಲಭ. ಹೊತ್ತು ನಾನು ಶನಿವಾರ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಮೀನು ಹಿಡಿಯುವ ಬೋಟಿಗೆ ಹೇಗೂ ರಜೆ, ನಮ್ಮ ಹುಡುಗರು ಆಗಲೇ ದಡ ಸೇರುತ್ತಿದ್ದಾರೆ. ನಾಲ್ಕು ಜನರನ್ನು ಕರೆತರುತ್ತೇನೆ.

ದಿನಸಿ ಅಂಗಡಿ: ಹೌದು, ಅಮಾವಾಸ್ಯೆಗೆ ನೀರು ಬರುವುದು ಎಂತಕ್ಕೆ ಅಂತ ಈಗ ಗೊತ್ತಾಯಿತು. ನನ್ನ ಹೆಂಡತಿ ದೈವದ ಲೆಕ್ಕದಲ್ಲಿ ಹೇಳುತ್ತಿದ್ದಳು 😄

ಗುಡ್ಡೆ ಮನೆ: ಸರ್, ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಅಂಗಳದ ಇಂಟರ್‌ಲಾಕ್ ಕಿತ್ತು ಹಾಕಿ ಅಂದರೆ ಆಗುವುದಿಲ್ಲ. ಪಾಚಿ ಕಟ್ಟಿ ಅಪ್ಪ ಜಾರಿ ಬಿದ್ದ ಮೇಲೆ ಹಾಕಿಸಿದ್ದು.

ಇಂಜಿನಿಯರ್ ಸರ್: ಪೂರ್ತಿ ಕೀಳುವುದು ಬೇಡ. ಗೇಟಿನ ಹತ್ತಿರ ಎರಡು ಸಾಲು ತೆಗೆದು ಜಲ್ಲಿ ತುಂಬಿದ ಒಂದು ಚರಂಡಿ ಮಾಡಿ. ತಾರಸಿ ನೀರನ್ನು ಬಾವಿಗೆ ಬಿಡಿ. ಒಂದು ಡ್ರಮ್ಮಿನಲ್ಲಿ ಜಲ್ಲಿ, ಇದ್ದಿಲು, ಮರಳು ಹಾಕಿ ಸೋಸಿದರೆ ಆಯಿತು. ಮೊದಲ ಒಂದೆರಡು ಮಳೆಯ ನೀರು ಮಾತ್ರ ಹೊರಗೆ ಬಿಡಬೇಕು, ತಾರಸಿಯ ಧೂಳು, ಹಕ್ಕಿ ಹಿಕ್ಕೆ ತೊಳೆದು ಹೋಗಲಿ.

ಟೀಚರ್ ಅಕ್ಕ: ಇದು ಗುಡ್ಡೆಯವರಿಗೇ ಲಾಭ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ದಾಟುವ ಮಳೆ ಬೀಳುವ ಊರು ನಮ್ಮದು. ಆದರೂ 2019ರ ಮೇಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರಿಲ್ಲ ಅಂತ ರೇಷನ್ ಮಾಡಿದ್ದರು, ನೆನಪುಂಟಲ್ವಾ? ಗುಡ್ಡೆಗೆ ಪ್ರತಿ ಏಪ್ರಿಲ್‌ನಲ್ಲಿ ಟ್ಯಾಂಕರ್ ಹತ್ತುವುದನ್ನು ನಾವು ನೋಡುತ್ತೇವೆ. ಆ ನೀರೇ ಜೂನ್‌ನಲ್ಲಿ ನಮ್ಮ ಮನೆಗೆ ಬರುವುದು.

ಗುಡ್ಡೆ ಮನೆ: ಟೀಚರ್ ಹತ್ತಿರ ವಾದ ಮಾಡಿ ಗೆಲ್ಲಲಿಕ್ಕಿಲ್ಲ. ಬಾವಿಗೆ ಪೈಪು ಹಾಕಿಸುತ್ತೇನೆ. ಪ್ಲಂಬರ್ ಯಾರಾದರೂ ಮಳೆಗಾಲದಲ್ಲಿ ಫೋನ್ ಎತ್ತುವವರು ಇದ್ದರೆ ಹೇಳಿ.

ಅಪಾರ್ಟ್‌ಮೆಂಟ್ ಕಾರ್ಯದರ್ಶಿ: ನಮ್ಮಲ್ಲಿ ಕಮಿಟಿ ಕೂತು ಮಾತಾಡದೆ ಏನೂ ಹೇಳಲು ಬರುವುದಿಲ್ಲ. ಮೀಟಿಂಗ್ ಮುಂದಿನ ತಿಂಗಳು.

ತೋಡಿನ ಬದಿ ಮನೆ: ಮಳೆಗೆ ಹೇಳಿ, ಮುಂದಿನ ತಿಂಗಳವರೆಗೆ ಕಾಯುತ್ತದೆ.

ಅಡ್ಮಿನ್: 🙏 ಸಾಕು. ಕಾರ್ಯದರ್ಶಿಯವರೇ, ತೀರ್ಮಾನ ಆಮೇಲೆ ಆಗಲಿ, ಆದಿತ್ಯವಾರ ಜನ ಕಳುಹಿಸಿ. ಹೊಸ ಕಟ್ಟಡದವರ ಹತ್ತಿರ ನಾನು, ಸರ್ ಇಬ್ಬರೂ ಹೋಗುತ್ತೇವೆ. ಮಣ್ಣಿನ ರಾಶಿಗೆ ಟಾರ್ಪಾಲು ಹೊದೆಸಲಿ, ಕೆಳಬದಿಗೆ ಮರಳು ಚೀಲ ಅಡ್ಡ ಇಡಲಿ. ಇಷ್ಟು ಮಾಡದಿದ್ದರೆ ಫೋಟೊ ಸಮೇತ ದೂರು ಕೊಡುವ.

ನರ್ಸ್ ಅಕ್ಕ: ತೋಡಿಗೆ ಇಳಿಯುವವರೆಲ್ಲ ಗಂಬೂಟು, ಗ್ಲೌಸ್ ಹಾಕಲೇಬೇಕು. ಕಾಲಿನಲ್ಲಿ ಗಾಯ ಇದ್ದವರು ಇಳಿಯುವುದೇ ಬೇಡ, ದಡದಲ್ಲಿ ಬುಟ್ಟಿ ದಾಟಿಸಿ. ಇಲಿ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ, ಸಣ್ಣ ಗಾಯ ಸಾಕು. ಆಮೇಲೆ ಜ್ವರ, ಮೀನಖಂಡ ನೋವು ಬಂದರೆ ಸುಮ್ನೆ ಪ್ಯಾರಸಿಟಮಾಲ್ ನುಂಗಿ ಕೂರಬೇಡಿ, ತೋಡಿಗೆ ಇಳಿದಿದ್ದೆ ಅಂತ ಡಾಕ್ಟರ್‌ಗೆ ಹೇಳಿ. ಇನ್ನೊಂದು, ಬೊಂಡದ ಚಿಪ್ಪು, ಗೆರಟೆ, ಹಳೆ ಟಯರು ಎಲ್ಲ ಅವತ್ತೇ ಹೆಕ್ಕಿ. ಡೆಂಗಿ ಸೊಳ್ಳೆ ಬೆಳೆಯುವುದು ತೋಡಿನಲ್ಲಲ್ಲ, ಇಂಥದ್ದರಲ್ಲಿ ನಿಂತ ಒಳ್ಳೆ ನೀರಿನಲ್ಲಿ. 2019ರ ಮಳೆಗಾಲದಲ್ಲಿ ಈ ಊರು ಡೆಂಗಿಯಿಂದ ಎಷ್ಟು ಕಷ್ಟಪಟ್ಟಿತು ಅಂತ ಆಸ್ಪತ್ರೆಯಲ್ಲಿದ್ದವರಿಗೆ ಗೊತ್ತು.

ದಿನಸಿ ಅಂಗಡಿ: ತೋಡಿನ ಬದಿ ಕಂಬದ ತಂತಿ ಜೋತು ಬಿದ್ದಿದೆ.

ಅಡ್ಮಿನ್: ಕರೆಂಟಿನವರ 1912ಕ್ಕೆ ಈಗಲೇ ಫೋನ್ ಮಾಡಿ ದೂರಿನ ನಂಬರ್ ಇಲ್ಲಿ ಹಾಕಿ. ಅದು ಸರಿಯಾಗದೆ ಯಾರೂ ನೀರಿಗೆ ಇಳಿಯುವುದಿಲ್ಲ.

ಇಂಜಿನಿಯರ್ ಸರ್: ಇಟಾಚಿ (ಮಣ್ಣು ಅಗೆಯುವ ಯಂತ್ರ) ತರಿಸುವ ಅಂತ ಕೆಲವರು ಕೇಳಿದರು. ಬೇಡ. ಮೋರಿಯ ಹತ್ತಿರ ಪೈಪು ಒಡೆದರೆ ಇಡೀ ಬಡಾವಣೆಗೆ ನೀರಿಲ್ಲ. ಹಾರೆ, ಪಿಕ್ಕಾಸು, ಬುಟ್ಟಿಯೇ ಸರಿ. ಮೋರಿ ದೊಡ್ಡದು ಮಾಡಿ, ಪೈಪು ಬದಿಗೆ ಸರಿಸಿ ಅಂತ ವಾರ್ಡಿನ ಇಂಜಿನಿಯರರಿಗೆ ಮನವಿ ಬರೆದಿದ್ದೇನೆ. ಅಂಗಡಿಯಲ್ಲಿ ಇಟ್ಟಿರುತ್ತೇನೆ, ಮನೆಗೊಬ್ಬರು ಸಹಿ ಹಾಕಿ. ಎತ್ತಿದ ಹೂಳನ್ನು ದಡದಲ್ಲೇ ಬಿಡಬಾರದು. ಮೊದಲ ಮಳೆಗೇ ಅದು ಪುನಃ ತೋಡಿಗೆ ಇಳಿಯುತ್ತದೆ. ಟೆಂಪೊ ಬೇಕು.

ಗುಡ್ಡೆ ಮನೆ: ಟೆಂಪೊ ನಾನು ಕಳುಹಿಸುತ್ತೇನೆ, ಡ್ರೈವರ್ ಸಮೇತ. ಡೀಸೆಲ್ ಅಪಾರ್ಟ್‌ಮೆಂಟಿನವರು ಹಾಕಲಿ, ಅದಕ್ಕೂ ಕಮಿಟಿ ಬೇಕಾ?

ಅಪಾರ್ಟ್‌ಮೆಂಟ್ ಕಾರ್ಯದರ್ಶಿ: ಡೀಸೆಲ್ ನಾನು ಕೈಯಿಂದ ಹಾಕುತ್ತೇನೆ. ಬಿಲ್ ಮಾತ್ರ ಕೊಡಿ.